ಕನ್ನಡ ಶಾಲೆಯ ಮೇಲೆ ಹೊರಿಸಿದ ಸುಳ್ಳು ಅಪವಾದ

ಗಡಿನಾಡಿನ ಕನ್ನಡ ತಂದೆತಾಯಂದಿರೇ,

ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ಈಚೆಗೆ ಒಂದು ಮಾತು ಹಬ್ಬಿದೆ. ಮಗಳು ನರ್ಸಿಂಗ್ ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಅದಕ್ಕೆ ಕನ್ನಡ ಶಾಲೆಯೇ ಕಾರಣವಂತೆ! ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಶಾಲೆಗೆ ಹಾಕಿದ್ದರೆ ಈ ಗತಿ ಬರುತ್ತಿರಲಿಲ್ಲವಂತೆ! ಈ ಮಾತು ಸುಳ್ಳು. ಅಷ್ಟೇ ಅಲ್ಲ, ಘಾತುಕ. ಇದನ್ನು ನಂಬಿ ಒಂದೊಂದೇ ಮನೆಯವರು ಮಕ್ಕಳನ್ನು ಬಿಡಿಸಿಕೊಂಡರೆ ನಾಳೆ ಶಾಲೆಯ ಬಾಗಿಲು ಮುಚ್ಚುತ್ತದೆ. ಆದರೆ ಮಗಳ ಕಷ್ಟ ಮಾತ್ರ ಹಾಗೆಯೇ ಉಳಿಯುತ್ತದೆ.

ಏಕೆಂದರೆ ಆ ಪರೀಕ್ಷೆಯಲ್ಲಿ ಮಕ್ಕಳನ್ನು ಎಡವಿಸುವ ವೈದ್ಯಪದಗಳು ಬಹುಮಟ್ಟಿಗೆ ಇಂಗ್ಲಿಷೇ ಅಲ್ಲ. ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಲಂಡನ್ನಿನಲ್ಲಿ ಹುಟ್ಟಿದ ಹುಡುಗಿಯೂ ನೆಫ್ರೈಟಿಸ್ ಎಂಬ ಪದವನ್ನು ತಾಯಿಯಿಂದ ಕಲಿಯುವುದಿಲ್ಲ, ಪುಸ್ತಕದಿಂದಲೇ ಕಲಿಯುತ್ತಾಳೆ. ಹಾಗಿರುವಾಗ ಮೂತ್ರಪಿಂಡವೆಂದರೇನು, ಅದು ರಕ್ತವನ್ನು ಹೇಗೆ ಶೋಧಿಸುತ್ತದೆ ಎಂಬುದನ್ನು ಕನ್ನಡದಲ್ಲಿ ಚೆನ್ನಾಗಿ ತಿಳಿದ ನಮ್ಮ ಹುಡುಗಿ ಯಾವ ವಿಧದಲ್ಲಿ ಕಡಿಮೆ? ವಸ್ತುವನ್ನು ಆಕೆ ಬಲ್ಲಳು, ಹೆಸರನ್ನಷ್ಟೇ ಕಲಿಯಬೇಕು.

ಆ ಹೆಸರನ್ನು ಕಲಿಯುವ ಉಪಾಯವೂ ನಮ್ಮ ಶಾಲೆಯಲ್ಲಿಯೇ ಇದೆ. ಸಂಧಿ ಬಿಡಿಸುವುದನ್ನೂ ಉಪಸರ್ಗ, ಪ್ರತ್ಯಯಗಳನ್ನು ಗುರುತಿಸುವುದನ್ನೂ ನಾವು ವ್ಯಾಕರಣದ ಪಾಠದಲ್ಲಿ ಕಲಿಸುವುದಿಲ್ಲವೇ? ವೈದ್ಯಪದಗಳನ್ನೂ ಹಾಗೆಯೇ ಬಿಡಿಸಬೇಕು. ‘ಐಟಿಸ್’ ಎಂದರೆ ಉರಿಯೂತ. ‘ನೆಫ್ರ’ ಮೂತ್ರಪಿಂಡ, ‘ಗ್ಯಾಸ್ಟ್ರ’ ಜಠರ, ‘ಹೆಪಟ’ ಯಕೃತ್ತು. ಈ ನಾಲ್ಕನ್ನು ಬಲ್ಲವಳಿಗೆ ನೆಫ್ರೈಟಿಸ್, ಗ್ಯಾಸ್ಟ್ರೈಟಿಸ್, ಹೆಪಟೈಟಿಸ್ ಮೂರೂ ತಾವಾಗಿಯೇ ತಿಳಿಯುತ್ತವೆ. ‘ಎಕ್ಟಮಿ’ ಎಂದರೆ ಕತ್ತರಿಸಿ ತೆಗೆಯುವುದೆಂದು ತಿಳಿದರೆ ಟಾನ್ಸಿಲೆಕ್ಟಮಿಗೆ ಬೇರೆ ವಿವರಣೆ ಬೇಡ. ನಮ್ಮ ಯಕೃತ್ ಮತ್ತು ಗ್ರೀಕರ ಹೆಪಾರ್ ಒಂದೇ ಮೂಲದಿಂದ ಹೊರಟ ಶಬ್ದಗಳೆಂದು ಭಾಷಾಪಂಡಿತರು ಹೇಳುತ್ತಾರೆ. ಡಾ. ಡಿ. ಎಸ್. ಶಿವಪ್ಪನವರು ಇಂಥ ಪದಗಳ ಹುಟ್ಟು, ರಚನೆಗಳನ್ನು ಕನ್ನಡದಲ್ಲಿಯೇ ವಿವರಿಸಿ ಗ್ರಂಥ ಬರೆದಿದ್ದಾರೆ. ದಾರಿ ಇಲ್ಲವೆಂದು ಹೇಳುವವರು ದಾರಿಯನ್ನು ಹುಡುಕಿದವರಲ್ಲ.

ಇದನ್ನು ಬಿಟ್ಟು ಪೇಟೆಯ ಕ್ಲಾಸುಗಳಲ್ಲಿ ನಡೆಯುವುದೇನು? ಸಾವಿರ ಪದಗಳ ಪಟ್ಟಿಯೊಂದನ್ನು ಕೈಗಿತ್ತು ಗಿಳಿಪಾಠ ಮಾಡಿಸುವುದು. ಇದು ವಿದ್ಯೆಯಲ್ಲ. ಹೈಪರ್‌ಗ್ಲೈಸೀಮಿಯಾ, ಹೈಪೋಗ್ಲೈಸೀಮಿಯಾ ಎಂಬ ಎರಡು ಪದಗಳನ್ನು ನೋಡಿರಿ. ಕಿವಿಗೆ ಎರಡೂ ಒಂದೇ. ‘ಹೈಪರ್’ ಎಂದರೆ ಹೆಚ್ಚು, ‘ಹೈಪೋ’ ಎಂದರೆ ಕಡಿಮೆ. ಒಂದರಲ್ಲಿ ರಕ್ತದ ಸಕ್ಕರೆ ಏರಿದೆ, ಇನ್ನೊಂದರಲ್ಲಿ ಇಳಿದಿದೆ. ಗಿಳಿಪಾಠದವಳು ಇಲ್ಲಿ ತಪ್ಪಿದರೆ ಪರೀಕ್ಷೆಯಲ್ಲಿ ಅಂಕ ಹೋದೀತು. ವಾರ್ಡಿನಲ್ಲಿ, ಸಕ್ಕರೆ ಕೊಡಬೇಕಾದವನಿಗೆ ಇನ್ಸುಲಿನ್ ಚುಚ್ಚಿದರೆ ಪ್ರಾಣವೇ ಹೋದೀತು!

ಸಾಮಾನ್ಯ ಪದಗಳೂ ಮೋಸ ಮಾಡುತ್ತವೆ. ‘ಅಕ್ಯೂಟ್’ ಎಂದರೆ ಥಟ್ಟನೆ ತಲೆದೋರಿದ್ದು, ‘ಕ್ರಾನಿಕ್’ ಎಂದರೆ ಬಹುಕಾಲದ್ದು. ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ಅದು ಶುಭವಾರ್ತೆಯೆಂದು ಅರ್ಥವಲ್ಲ. ಪ್ರಶ್ನೆಯ ಕೊನೆಯಲ್ಲಿ ‘ಎಕ್ಸೆಪ್ಟ್’ ಎಂಬ ಒಂದು ಪದವಿದ್ದರೆ ಉತ್ತರವೇ ತಿರುಗುಮುರುಗು. ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ 4 ಅಂಕ. ತಪ್ಪುತ್ತರಕ್ಕೆ 1 ಅಂಕ ಕಡಿತ. ಅರ್ಥವಾಗದ ಪದವೊಂದು ಹೀಗೆ ಎರಡು ಕಡೆಯಿಂದ ನಷ್ಟ ತರುತ್ತದೆ.

ನೀಟ್ ಪರೀಕ್ಷೆಯ ಮಾತು ಬಂದದ್ದರಿಂದ ಒಂದು ಅನ್ಯಾಯವನ್ನೂ ಹೇಳಲೇಬೇಕು. ಸೈನ್ಯದ ಕಾಲೇಜುಗಳ ಬಿ.ಎಸ್ಸಿ. ನರ್ಸಿಂಗ್ ಪ್ರವೇಶಕ್ಕೂ ಇದರ ಅಂಕ ಬೇಕು. 2021ರಿಂದ ಈ ಪರೀಕ್ಷೆ 13 ಭಾಷೆಗಳಲ್ಲಿ ನಡೆಯುತ್ತಿದ್ದು, ಕನ್ನಡವೂ ಅವುಗಳಲ್ಲಿದೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ! ಸೋಲಾಪುರದಲ್ಲಿ ಕುಳಿತ ಕನ್ನಡ ಹುಡುಗಿಗೆ ಅದಿಲ್ಲ. ಬೇಕಾದರೆ ವಿಜಯಪುರಕ್ಕೋ ಕಲಬುರಗಿಗೋ ಹೋಗಿ ಬರೆಯಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಅದೇ ಭಾಷೆ ಪರೀಕ್ಷೆಯ ಹೊತ್ತಿಗೆ ಗಡಿಗೆರೆಯ ಬಳಿ ನಿಂತುಬಿಡಬೇಕೇ? ಇದು ಯಾವ ನ್ಯಾಯ?

ಇನ್ನೊಂದು ಮಾತು. ನಮ್ಮ ಹಳ್ಳಿಯ ಮುದುಕಿ ಆಸ್ಪತ್ರೆಯಲ್ಲಿ ‘ಎದ್ಯಾಗ ಭಾರ ಆದಂಗ ಆಗ್ಲಿಕತ್ತದ’ ಎನ್ನುತ್ತಾಳೆಯೇ ಹೊರತು ಇಂಗ್ಲಿಷ್ ಹೆಸರು ಹೇಳುವುದಿಲ್ಲ. ಆ ಮಾತನ್ನು ಕೇಳಿದೊಡನೆ ಹೃದಯದ ಬೇನೆಯಿರಬಹುದೆಂದು ಊಹಿಸಿ ಡಾಕ್ಟರರಿಗೆ ತಿಳಿಸುವ ನರ್ಸ್ ಬೇಕು. ಎರಡು ಭಾಷೆಗಳನ್ನೂ ಬಲ್ಲ ಅಂಥವಳನ್ನು ಕನ್ನಡವನ್ನು ಮರೆಸುವ ಶಾಲೆ ಕೊಡಲಾರದು.

ಆದುದರಿಂದ ಬಂಧುಗಳೇ, ಮೂರು ಕೆಲಸ ಮಾಡೋಣ. ಒಂದು: ಮಗಳಿಗೆ ಒಂದು ವಹಿ ಕೊಡಿಸಿರಿ, ದಿನಕ್ಕೆ ಐದು ಪದ, ಅದರ ಬಿಡಿಭಾಗ, ಕನ್ನಡದ ಅರ್ಥ, ಮನೆಮಾತಿನ ಹೆಸರು, ಹೀಗೆ ನಾಲ್ಕು ಸಾಲುಗಳಲ್ಲಿ ಆಕೆ ಬರೆಯಲಿ. ಎರಡು: ಊರಿನ ಶಿಕ್ಷಕರು ಸಂಜೆ ಅರ್ಧ ಗಂಟೆ ಈ ಪಾಠಕ್ಕೆ ಕೊಡಲಿ. ಮೂರು: ಸೋಲಾಪುರ, ಸಾಂಗಲಿ, ಕಾಸರಗೋಡುಗಳ ಕೇಂದ್ರಗಳಲ್ಲಿಯೂ ಕನ್ನಡ ಪ್ರಶ್ನೆಪತ್ರಿಕೆ ದೊರೆಯಲೆಂದು ಪ್ರತಿ ಗ್ರಾಮ ಪಂಚಾಯತಿಯೂ ಠರಾವು ಮಾಡಿ ಕೇಂದ್ರ ಸರಕಾರಕ್ಕೆ ಕಳುಹಿಸಲಿ.

ಇಂಗ್ಲಿಷ್ ಕಲಿಯುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ಕಲಿಯಲೇಬೇಕು, ಆದರೆ ಕನ್ನಡದ ಮೆಟ್ಟಿಲ ಮೇಲೆ ನಿಂತು ಕಲಿಯಬೇಕು. ಮೆಟ್ಟಿಲನ್ನೇ ಕಿತ್ತೆಸೆದು ಅಟ್ಟವೇರಲು ಹೊರಟವರು ನೆಲಕ್ಕೆ ಬೀಳುವರೇ ಹೊರತು ಮೇಲಕ್ಕೆ ಮುಟ್ಟಲಾರರು.