ಭಾನುವಾರ ರಾತ್ರಿಯ ಜಾಮೂನು

ಕಳೆದ ತಿಂಗಳು ಖರ್ಚಿನ ಲೆಕ್ಕ ಹಾಕೋಣ ಅಂತ ಫುಡ್ ಆಪ್‌ನ ಆರ್ಡರ್ ಹಿಸ್ಟರಿ ತೆಗೆದೆ. ಆಫೀಸಲ್ಲಿ ಸರ್ವರ್ ಕೈಕೊಟ್ಟಾಗ ನಾವು ಮೊದಲು ನೋಡೋದು ಲಾಗ್ ಫೈಲ್. ಎಷ್ಟು ಹೊತ್ತಿಗೆ ಏನಾಯ್ತು ಅನ್ನೋದು ಅಲ್ಲಿ ಸಾಲಾಗಿ ಇರುತ್ತೆ. ಅದೇ ಅಭ್ಯಾಸದಲ್ಲಿ ನೋಡ್ತಾ ಹೋದರೆ, ಗುಲಾಬ್ ಜಾಮೂನು, ಭಾನುವಾರ ರಾತ್ರಿ. ಮತ್ತೆ ಜಾಮೂನು, ಮತ್ತೆ ಭಾನುವಾರ. ಎರಡು ತಿಂಗಳಲ್ಲಿ ಏಳು ಸಲ! ವಾರದ ಮಧ್ಯೆ ಒಂದೂ ಇಲ್ಲ.

ಭಾನುವಾರ ರಾತ್ರಿ ಏನಾಗುತ್ತೆ ಅಂತ ಯೋಚಿಸಿದೆ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಹೆಚ್ಚುಕಮ್ಮಿ ಪ್ರತಿ ವಾರ ಹಾಸನಕ್ಕೆ ಹೋಗ್ತೀನಿ. ಭಾನುವಾರ ವಾಪಸ್ ಬಂದು ಬೆಂಗಳೂರಿನ ರೂಮಿನ ಬೀಗ ತೆಗೆದರೆ ಒಳಗೆ ಕತ್ತಲು. ಅಮ್ಮ ಕಟ್ಟಿಕೊಟ್ಟ ಚಪಾತಿ ಬಸ್ಸಲ್ಲೇ ತಿಂದಾಗಿರುತ್ತೆ, ಹೊಟ್ಟೆ ತುಂಬಿರುತ್ತೆ. ಆದರೂ ಸಿಹಿ ಬೇಕು. ಅದೂ ಈಗಲೇ ಬೇಕು.

ಹೊಟ್ಟೆಯ ಹಸಿವಿಗೂ ಮನಸ್ಸಿನ ಹಸಿವಿಗೂ ಇರೋ ವ್ಯತ್ಯಾಸ ಇದೇ. ಹೊಟ್ಟೆ ಹಸಿದಾಗ ಅನ್ನ-ಸಾರೂ ನಡೆಯುತ್ತೆ. ಮನಸ್ಸು ಹಸಿದಾಗ ಮಾತ್ರ ಇಂಥದ್ದೇ ಬೇಕು ಅಂತ ಮಗುವಿನ ಹಠ. ಒತ್ತಡ ಹೆಚ್ಚಾದಾಗ ಏರುವ ಕಾರ್ಟಿಸೋಲ್ ಹಾರ್ಮೋನು ಸಿಹಿ, ಕೊಬ್ಬಿನ ತಿನಿಸುಗಳ ಕಡೆ ಎಳೆಯುತ್ತೆ. ನಿದ್ದೆಗೆಟ್ಟರೆ ಇನ್ನೂ ಕಷ್ಟ. 2004ರಲ್ಲಿ ಷಿಕಾಗೋದ ಸಂಶೋಧಕರು 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಚೆನ್ನಾಗಿ ಮಲಗಿದ ದಿನಗಳಿಗೆ ಹೋಲಿಸಿದರೆ ಹಸಿವು ಹೆಚ್ಚಿಸುವ ಗ್ರೆಲಿನ್ ಶೇ. 28ರಷ್ಟು ಏರಿತ್ತು, ಸಾಕು ಅನ್ನುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು. ರಿಲೀಸ್ ವಾರದಲ್ಲಿ ಚಿಪ್ಸ್ ಪ್ಯಾಕೆಟ್ ಖಾಲಿಯಾಗೋದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಸರಿ, ಜಾಮೂನು ತಿಂದರೆ ಬೇಜಾರು ಹೋಗುತ್ತಾ? ಮಿನೆಸೋಟ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಮನಸ್ಸು ಕೆಡಿಸುವ ಸಿನಿಮಾ ತುಣುಕು ತೋರಿಸಿ, ಆಮೇಲೆ ತಿನ್ನಲು ಕೊಟ್ಟರು. ತಮ್ಮಿಷ್ಟದ ತಿಂಡಿ ತಿಂದಾಗಲೂ, ಬೇರೇನೋ ತಿಂದಾಗಲೂ, ಏನೂ ತಿನ್ನದೆ ಸುಮ್ಮನೆ ಕೂತಾಗಲೂ ಮೂಡ್ ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿತು. ಅಂದರೆ ಸ್ವಲ್ಪ ಹೊತ್ತಿಗೆ ತಾನಾಗೇ ತಿಳಿಯಾಗುವ ಮನಸ್ಸಿನ ಕ್ರೆಡಿಟ್ಟನ್ನು ನಾನು ಜಾಮೂನಿಗೆ ಕೊಡ್ತಿದ್ದೆ!

ಹೀಗಾಗಿ ಮುಂದಿನ ಭಾನುವಾರ ಆಪ್ ತೆರೆಯೋ ಬದಲು ಅಮ್ಮನಿಗೆ ಫೋನ್ ಮಾಡಿದೆ. "ಊಟ ಆಯ್ತಾ?" ಅಂದೆ. "ಹ್ಞೂಂ, ಆಯ್ತು" ಅಂದ್ರು. ಏನು ಅಡುಗೆ ಅಂತ ಕೇಳಿದರೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಒಬ್ಬಳಿಗೆ ಏನು ಮಾಡೋದು, ಒಂದು ಲೋಟ ಮಜ್ಜಿಗೆ ಕುಡಿದೆ. ನೀನು ಹೊರಟ ದಿನ ಯಾಕೋ ಹಸಿವೇ ಆಗಲ್ಲ ಕಣೋ" ಅಂದ್ರು.

ನನಗೆ ಗಂಟಲು ಕಟ್ಟಿತು. ಬೇಜಾರಾದಾಗ ಕೆಲವರಿಗೆ ತಿನ್ನುವ ಆಸೆ ಹೆಚ್ಚುತ್ತೆ, ಕೆಲವರಿಗೆ ಹಸಿವೇ ಸತ್ತುಹೋಗುತ್ತೆ ಅಂತ ಓದಿದ್ದೆ. ಒಂದೇ ಬೇಜಾರು ಇಲ್ಲಿ ಜಾಮೂನು, ಅಲ್ಲಿ ಬರೀ ಮಜ್ಜಿಗೆ ಆಗಿತ್ತು. ನನ್ನ ಆರ್ಡರ್‌ಗಳಿಗಾದರೂ ಹಿಸ್ಟರಿ ಇದೆ. ಅಮ್ಮ ಬಿಟ್ಟ ಊಟಗಳ ಲೆಕ್ಕ ಯಾವ ಆಪ್‌ನಲ್ಲಿದೆ?

ಈಗ ಭಾನುವಾರ ಮಧ್ಯಾಹ್ನದ ಬಸ್ಸಿಗೇ ಬಂದುಬಿಡ್ತೀನಿ. ಎಂಟೂವರೆಗೆ ವಿಡಿಯೋ ಕಾಲ್. ಅಲ್ಲಿ ಅಮ್ಮನ ತಟ್ಟೆ, ಇಲ್ಲಿ ನನ್ನ ತಟ್ಟೆ. ತೋರಿಸಲೇಬೇಕಲ್ಲ ಅಂತ ಅವರು ಒಂದು ಪಲ್ಯವಾದರೂ ಮಾಡ್ತಾರೆ, ನಾನು ಅನ್ನ ಇಡ್ತೀನಿ. ಜಾಮೂನು ಪೂರ್ತಿ ಬಿಟ್ಟಿಲ್ಲ, ಹೋದ ವಾರವೂ ತರಿಸಿದೆ. ಆದರೆ ಊಟ ಆದ ಮೇಲೆ, ಅಮ್ಮನ ಎದುರೇ, "ಸಕ್ಕರೆ ಕಮ್ಮಿ ತಿನ್ನು" ಅಂತ ಬೈಸಿಕೊಂಡೇ ತಿಂದೆ.

ನೀವೂ ಒಮ್ಮೆ ನಿಮ್ಮ ಆರ್ಡರ್ ಹಿಸ್ಟರಿ ನೋಡಿ. ಏನು ತಿಂದಿರಿ ಅಂತಲ್ಲ, ಯಾವಾಗ ಅಂತ. ಹಾಗೇ, ಇವತ್ತು ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ" ಅಂತ ಕೇಳಿ ಸುಮ್ಮನಾಗಬೇಡಿ. ಏನು ಊಟ ಅಂತಲೂ ಕೇಳಿ.