ಹತ್ತು ಕೈಗಳ ದುಡಿಮೆ
ಲಾಂಛನ ಬೇಕಾದವರು ಹಿಂದೆ ಪರಿಚಿತ ಕಲಾವಿದನನ್ನು ಅರಸಿ ಹೋಗುತ್ತಿದ್ದರು. 2008ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಆರಂಭವಾದ ನೈಂಟಿನೈನ್ ಡಿಸೈನ್ಸ್‌ನಂತಹ ಅಂತರಜಾಲ ತಾಣಗಳು ಈ ಕ್ರಮವನ್ನು ಬದಲಿಸಿದವು. ಅಲ್ಲಿ ಗ್ರಾಹಕನು ತನ್ನ ಅಗತ್ಯವನ್ನೂ ಬಹುಮಾನವನ್ನೂ ಸಾರುತ್ತಾನೆ. ನಾನಾ ದೇಶಗಳ ವಿನ್ಯಾಸಕಾರರು ರಚಿಸಿ ಕಳುಹಿಸುತ್ತಾರೆ. ಮೆಚ್ಚುಗೆಯಾದುದಕ್ಕೆ ಮಾತ್ರ ಹಣ ಸಲ್ಲುತ್ತದೆ.

ಹೆಸರಿಲ್ಲದ ಪ್ರತಿಭೆಗೆ ಇದರಿಂದ ಬಾಗಿಲು ತೆರೆಯಿತೆಂಬುದು ದಿಟ. ಭಾರತ ಸರ್ಕಾರವು 2009ರಲ್ಲಿ ಸಾರಿದ ಮುಕ್ತ ಸ್ಪರ್ಧೆಯಿಂದಲೇ ರೂಪಾಯಿಯ ಚಿಹ್ನೆ ದೊರೆಯಿತು; 2010ರಲ್ಲಿ ಉದಯಕುಮಾರರ ರಚನೆ ಅಂಗೀಕೃತವಾಯಿತು. ಆದರೆ ಅಪರೂಪದ ರಾಷ್ಟ್ರೀಯ ಸ್ಪರ್ಧೆ ಬೇರೆ, ನಿತ್ಯದ ಜೀವನೋಪಾಯ ಬೇರೆ. ಹತ್ತು ಬಡಗಿಗಳಿಂದ ಬಾಗಿಲು ಮಾಡಿಸಿ, ಒಬ್ಬನಿಗೆ ಮಾತ್ರ ಕೂಲಿ ಕೊಡುವುದನ್ನು ಯಾರೂ ನ್ಯಾಯವೆನ್ನರು. ಚಿತ್ರ ಬರೆಯುವ ಕೈಗೂ ಹಸಿವುಂಟು. ಆದುದರಿಂದ ಕೊನೆಯ ಸುತ್ತಿಗೆ ಆಯ್ದವರೆಲ್ಲರಿಗೂ ಅಲ್ಪವಾದರೂ ಸಂಭಾವನೆ ಸಲ್ಲುವುದೇ ಧರ್ಮ.