ಹೊಗೆಯ ತಪಾಸಣೆಯೂ ಮೋಟಾರು ತೆರಿಗೆಯೂ

ನಂಜನಗೂಡಿನ ಹೆದ್ದಾರಿಯಲ್ಲಿಯೂ ತಿರುಮಕೂಡಲು ನರಸೀಪುರದ ಪೇಟೆಯಲ್ಲಿಯೂ ಮೋಟಾರುಗಳ ಸಂಚಾರ ಬೆಳೆದಿರುವುದನ್ನು ಅಲ್ಲಿನ ಮಹಾಜನರು ಬಲ್ಲರು. ಆ ವಾಹನಗಳು ಕಾರುವ ಹೊಗೆಗೂ ಅವುಗಳ ಒಡೆಯರು ಕೊಡುವ ತೆರಿಗೆಗೂ ಸಂಬಂಧವೇನು? ಬಹುಮಟ್ಟಿಗೆ ಏನೂ ಇಲ್ಲವೆಂದೇ ನಾವು ಹೇಳಬೇಕಾಗಿದೆ.

1957ರ ಮೋಟಾರು ವಾಹನ ತೆರಿಗೆ ಕಾಯಿದೆಯ ಮೇರೆಗೆ ನಮ್ಮಲ್ಲಿ ಸ್ವಂತ ಕಾರಿನ ತೆರಿಗೆಯನ್ನು ಕೊಳ್ಳುವಾಗಲೇ ಜೀವಾವಧಿಗೆ ಕಟ್ಟಿಸಿಕೊಳ್ಳುತ್ತಾರೆ. ಅದಕ್ಕೆ ಬೆಲೆಯೇ ಅಳತೆ, ಹೊಗೆಯಲ್ಲ. 15 ವರ್ಷ ಮೀರಿದ ಮೇಲೆ ಬೀಳುವ ಹಸಿರು ತೆರಿಗೆಗಾದರೋ ವಯಸ್ಸೇ ಅಳತೆ. ಒಂದೇ ವರ್ಷ ಕೊಂಡ ಎರಡು ಕಾರುಗಳಿರಲಿ. ಒಬ್ಬನು ಎಂಜಿನನ್ನು ಕಾಲಕಾಲಕ್ಕೆ ಸರಿಪಡಿಸಿದ್ದಾನೆ, ಮತ್ತೊಬ್ಬನು ಅದರ ಗೋಜಿಗೇ ಹೋಗಿಲ್ಲ. ಇಬ್ಬರ ಮೇಲೂ ಹೊರೆ ಒಂದೇ! ಇದು ನ್ಯಾಯವೇ?

ಹೊಗೆ ಅಳೆಯುವ ಏರ್ಪಾಡು ಇಲ್ಲದಿಲ್ಲ. ಭಾರತ್ ಸ್ಟೇಜ್ 4 ಮತ್ತು ಅನಂತರದ ವಾಹನಗಳಿಗೆ ವರ್ಷಕ್ಕೊಮ್ಮೆ, ಹಿಂದಿನವಕ್ಕೆ ಆರು ತಿಂಗಳಿಗೊಮ್ಮೆ ತಪಾಸಣೆ ಕಡ್ಡಾಯ. ಸರ್ಟಿಫಿಕೇಟಿಲ್ಲದೆ ವಿಮೆಯನ್ನು ನವೀಕರಿಸಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಆದರೆ ಅಲ್ಲಿ ದೊರೆತ ಅಂಕಿ ತೆರಿಗೆಯ ಲೆಕ್ಕಕ್ಕೆ ಬರುವುದೇ ಇಲ್ಲ.

ಬ್ರಿಟನ್ನಿನಲ್ಲಿ 2001ರಿಂದ ಹೊಸ ಕಾರುಗಳ ತೆರಿಗೆಯನ್ನು ಇಂಗಾಲದ ಡೈಆಕ್ಸೈಡಿನ ಪ್ರಮಾಣಕ್ಕೆ ಗಂಟುಹಾಕಿದರು. 2017ರ ಅನಂತರ ಮೊದಲ ವರ್ಷದ ತೆರಿಗೆಗೆ ಮಾತ್ರ ಆ ಅಳತೆ ಉಳಿಯಿತು. ಹಳೆಯ ಪರೀಕ್ಷೆಗಿಂತ ರಸ್ತೆಯ ವಾಸ್ತವಕ್ಕೆ ಹತ್ತಿರವಾದ ಹೊಸ ಪರೀಕ್ಷೆಯನ್ನು 2020ರ ಏಪ್ರಿಲಿನಿಂದ ತೆರಿಗೆಗೆ ಅನ್ವಯಿಸಿದಾಗ, ಎಂಜಿನು ಬದಲಾಗದೆಯೇ ಅನೇಕ ಕಾರುಗಳ ಅಂಕಿ ಏರಿತು. ಪರೀಕ್ಷೆ ಸತ್ಯವಾದಷ್ಟೇ ತೆರಿಗೆಯೂ ಸತ್ಯವೆಂಬುದು ಇದರ ಪಾಠ.

ತೆರಿಗೆ ಹೊಗೆಯನ್ನು ಅವಲಂಬಿಸಿದರೆ ಸುಳ್ಳು ಸರ್ಟಿಫಿಕೇಟಿಗೆ ಗಿರಾಕಿ ಹೆಚ್ಚಾಗುವನೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ಅಲ್ಲಗಳೆಯತಕ್ಕದ್ದಲ್ಲ. ಆದುದರಿಂದಲೇ ಮೊದಲು ತಾಲ್ಲೂಕು ಕೇಂದ್ರಗಳ ಯಂತ್ರಗಳನ್ನು ಅನಿರೀಕ್ಷಿತವಾಗಿ ಪರೀಕ್ಷಿಸುವ ಕ್ರಮ ಬರಲಿ. ಅನಂತರ, ಹಳೆಯ ವಾಹನವಾದರೂ ಪ್ರಾಮಾಣಿಕ ತಪಾಸಣೆಯಲ್ಲಿ ಶುದ್ಧವೆಂದು ಕಂಡರೆ ಹಸಿರು ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಮಿತಿಗೆ ಹತ್ತಿರವಿರುವುದಕ್ಕೆ ಹೆಚ್ಚು ವಿಧಿಸಲಿ. ಹೊಸ ಕಾರು ಕೊಳ್ಳಲಾರದೆ ಹಳೆಯದನ್ನೇ ಜತನದಿಂದ ಓಡಿಸುವ ಬಡ ಬಾಡಿಗೆಗಾರನಿಗೆ ಅದೇ ನ್ಯಾಯ.

ಹಸಿರು ಎಂಬ ಹೆಸರು ಹೊತ್ತ ತೆರಿಗೆ ಖಜಾನೆಯನ್ನು ಮಾತ್ರ ತುಂಬಿ ಗಾಳಿಯನ್ನು ಮರೆತರೆ ಆ ಹೆಸರಿಗೆ ಅರ್ಥವುಳಿಯದು. ಸರ್ಕಾರದವರು ಈ ವಿಷಯವನ್ನು ತಡಮಾಡದೆ ಪರಿಶೀಲಿಸುವರೆಂದು ನಾವು ಆಶಿಸುತ್ತೇವೆ.